ಐದನೆಯ ಜ್ವಾಲೆ

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ನಾನೂ ನನ್ನ ತಮ್ಮನೂ ಕಿಟಕಿಗಳಿಗೆ ಜೋಡಿ ಗಾಜು ಕೂರಿಸುತ್ತಿದ್ದೆವು. ಕೂರಿಸಿದ ಮೇಲೆ ಬೆಂಕಿಕಡ್ಡಿ ಗೀರಿ ಎದುರಿಗೆ ಹಿಡಿಯಬೇಕು. ಒಂದೊಂದು ಗಾಜಿನ ಎರಡೂ ಮುಖಗಳು ಒಂದಿಷ್ಟು ಬೆಳಕನ್ನು ವಾಪಸ್ ಕಳಿಸುತ್ತವೆ. ಹಾಗಾಗಿ ಒಳಗೆ ನಾಲ್ಕು ಜ್ವಾಲೆ ಕಂಡರೆ ಕೆಲಸ ಸರಿ. ಕಡ್ಡಿ ಹಿಡಿಯೋದು ಯಾವಾಗಲೂ ತಮ್ಮನೇ. ಉಗುರಿಗೆ ಬಿಸಿ ತಾಗುವವರೆಗೂ ಆರಿಸುತ್ತಿರಲಿಲ್ಲ. ಮನೆಯಲ್ಲಿ ಒಲೆ ಹಚ್ಚುವಾಗಲೂ ಹಾಗೇ. ಅಮ್ಮ ಎಷ್ಟು ಬೈದರೂ ಕಿವಿಗೆ ಹಾಕಿಕೊಂಡವನಲ್ಲ.

ಅವನು ಏಣಿಯಿಂದ ಬಿದ್ದು ತೀರಿಕೊಂಡ ಮೇಲೆ, ಅವನ ಕೋಣೆಯ ಒಡೆದ ಕಿಟಕಿಗೆ ಜೋಡಿ ಗಾಜು ಹಾಕು ಅಂದಳು ಅಮ್ಮ. ಮುಸ್ಸಂಜೆ ಕೆಲಸ ಮುಗಿಸಿ, ಕಡ್ಡಿ ನಾನೇ ಹಿಡಿದೆ.

ಐದು ಜ್ವಾಲೆ ಕಂಡವು.

ಗಾಜು ಒರೆಸಿ ಮತ್ತೊಂದು ಗೀರಿದೆ. ಐದೇ. ಕಡ್ಡಿಯನ್ನು ಅತ್ತಿತ್ತ ಆಡಿಸಿದೆ. ನಾಲ್ಕು ಜ್ವಾಲೆ ಜೊತೆಗೇ ಆಡಿದವು, ಐದನೆಯದು ಅಲುಗಲಿಲ್ಲ. ಊದಿದೆ. ನಾಲ್ಕು ಆರಿದವು.

ಐದನೆಯದು ಗಾಜಿನೊಳಗೆ ಮೆಲ್ಲಗೆ ಕೆಳಗಿಳಿಯತೊಡಗಿತು, ಕಡ್ಡಿ ಸುಡುತ್ತಾ ಬಂದ ಹಾಗೆ. ಬಾಗಿಲಲ್ಲಿ ನಿಂತಿದ್ದ ಅಮ್ಮ ನನ್ನ ಕಡೆ ನೋಡಲೇ ಇಲ್ಲ.

"ಸಾಕು ಬಿಡೋ ಕಂದ, ಬೆರಳು ಸುಟ್ಕೋತೀಯ" ಅಂದಳು.

ಆ ಮಾತಿಗೆ ಅದು ಆರಿತು.