ಕಿಟಕಿಯ ಮುಂದೆ ಕಪ್ಪಾದ ಪ್ಲಗ್ಗು

"ಮತ್ತೆ ಕಪ್ಪಾಗಿದೆ," ಎಂದು ದೋಣಿಯವನು ಎಣ್ಣೆ ಮೆತ್ತಿದ ಸ್ಪಾರ್ಕ್ ಪ್ಲಗ್ಗನ್ನು ಮೇಜಿನ ಮೇಲಿಟ್ಟಾಗ ಅವಳಿಗೆ ಮೂಗಿನ ತುದಿಗೇ ಕೋಪ ಬಂತು.

ಬರದೇ ಇರುತ್ತದೆಯೇ? ದೋಣಿ ಎಂಜಿನ್ ರಿಪೇರಿಯಲ್ಲಿ ಅವಳದು ಎತ್ತಿದ ಕೈ. ಅಪ್ಪನ ನಂತರ ಹೊಳೆದಂಡೆಯ ವರ್ಕ್‌ಶಾಪನ್ನು ಒಬ್ಬಳೇ ನಡೆಸಿ, "ಹುಡುಗಿ ಕೈಗೆ ಎಂಜಿನ್ನಾ?" ಎಂದು ಮೂಗು ಮುರಿದವರೇ ಸಾಲುಗಟ್ಟುವಂತೆ ಮಾಡಿದವಳು. ಈಗ ಇವನ ಹಳೇ ಮೋಟಾರಿನ ದೆಸೆಯಿಂದ ದೋಣಿಕಟ್ಟೆಯಲ್ಲೆಲ್ಲ ಒಂದೇ ಗುಸುಗುಸು: ಅಕ್ಕನಿಗೆ ಸರಿಯಾದ ಪ್ಲಗ್ ಆರಿಸೋಕೆ ಬರೋಲ್ಲವಂತೆ. ಕೆಲವರು ಆಗಲೇ ತಮ್ಮ ಎಂಜಿನ್ನುಗಳನ್ನು ಬೇರೆ ಕಡೆ ಹೊತ್ತೊಯ್ದಿದ್ದರು.

"ಪೆಟ್ರೋಲಿಗೆ ಆಯಿಲ್ ಜಾಸ್ತಿ ಬೆರೆಸ್ತೀರಾ?"

"ನೀವು ಹೇಳಿದಷ್ಟೇ."

"ಹಾಗಾದ್ರೆ ತಪ್ಪು ನಂದಾ?"

ಅವನು ತಲೆ ತಗ್ಗಿಸಿದ. ಕಿವಿ ಮಾತ್ರ ಕೆಂಪಾಯಿತು. ಕಟ್ಟೆಯವರೆಲ್ಲ ಬಾಯ್ತುಂಬ 'ಅಕ್ಕ' ಎನ್ನುವಾಗ ಇವನೊಬ್ಬ ಏನೂ ಕರೆಯದೆ ಹೀಗೇ ನಿಲ್ಲುತ್ತಿದ್ದ. ಜಂಬದವನಿರಬೇಕು ಎಂದು ಅವಳು ಅಂದುಕೊಂಡಿದ್ದಳು.

ಅದೇ ನಂಬರಿನ ಹೊಸ ಪ್ಲಗ್ ತೆಗೆದು, ತುದಿಯ ಸಂದು ಅಳೆದು, ಅವಳು ಎದ್ದಳು. "ನಡೀರಿ, ದೋಣೀಲಿ ನಾನೂ ಬರ್ತೀನಿ. ನೋಡೇ ಬಿಡೋಣ."

ಹೋಗುವಾಗ ಅವಳೇ ನಡೆಸಿದಳು; ಎಂಜಿನ್ ಒಂದೇ ಉಸಿರಿಗೆ ಹೊಳೆ ದಾಟಿತು. ಆಚೆ ದಡದಲ್ಲಿ ಪ್ಲಗ್ ಬಿಚ್ಚಿದರೆ ಮಸಿಯ ಸುಳಿವೇ ಇಲ್ಲ, ಹದವಾದ ಕಂದು ಬಣ್ಣ. ಅವಳ ಎದೆಯುಬ್ಬಿತು.

ಮರಳುವಾಗ ನಡೆಸಿದವನು ಅವನು; ಈಚೆ ದಡ ಹತ್ತಿರವಾದದ್ದೇ ಅವನ ಕೈ ತಾನಾಗಿಯೇ ವೇಗ ತಗ್ಗಿಸಿತು. ದೋಣಿ ತೆವಳಿತು, ಎಂಜಿನ್ ಕೆಮ್ಮಿತು.

"ಇಲ್ಯಾಕೆ ಸ್ಲೋ?"

"ಅಭ್ಯಾಸ."

"ಬಂಡೆ ಏನಾದ್ರೂ ಇದ್ಯಾ?"

"ಇಲ್ಲ. ಕಿಟಕಿ ಇದೆ."

ಅವಳು ತಿರುಗಿ ನೋಡಿದಳು. ದಡದ ಮೇಲೆ ಅವಳದೇ ವರ್ಕ್‌ಶಾಪು, ಅವಳು ಕೂತು ಕೆಲಸ ಮಾಡುವ ಕಿಟಕಿ.

"ಬೇಗ ದಾಟಿದ್ರೆ ಕಣ್ಣು ತುಂಬೋಲ್ಲ," ಎಂದ ಅವನು, ಕಾಲ ಬಳಿ ಬಿದ್ದಿದ್ದ ಹುಟ್ಟಿನ ಕಡೆ ನೋಡುತ್ತ. "ಅದಕ್ಕೇ ಹೋಗ್ತಾ ಬರ್ತಾ ಹೀಗೆ."

ಹೀಗೆ ತೆವಳಿದರೆ ಎಂಜಿನ್ ಸಾಕಷ್ಟು ಬಿಸಿಯಾಗುವುದಿಲ್ಲ, ಎಣ್ಣೆ ಪೂರ್ತಿ ಉರಿಯದೆ ಪ್ಲಗ್ಗಿಗೆ ಮೆತ್ತುತ್ತದೆ. ಅವಳಿಗೆ ನಾಚಿಕೆಯೂ ಆಯಿತು, ಮೈಯೂ ಉರಿಯಿತು.

"ನೀವು ಕಣ್ಣು ತುಂಬಿಸ್ಕೊಳ್ಳೋಕೆ ಹೋಗಿ ನನ್ನ ಹೆಸರು ಮಣ್ಣುಪಾಲಾಯ್ತಲ್ರೀ!"

ಅವನ ಮುಖ ಬಿಳಿಚಿತು. ತನ್ನಿಂದಲೇ ಪ್ಲಗ್ ಕೆಡುತ್ತಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ದೋಣಿಯನ್ನು ನೇರ ಕಟ್ಟೆಗೆ ಓಡಿಸಿ, ಎಲ್ಲರೆದುರು ಎದ್ದು ನಿಂತ.

"ಕೇಳಿ! ಇವರು ಕೊಟ್ಟ ಪ್ಲಗ್ ಸರಿಯಾಗೇ ಇದೆ. ಇವರನ್ನ ನೋಡ್ತಾ ಸ್ಲೋ ಮಾಡಿ ಕೆಡಿಸಿದ್ದು ನಾನು."

ಕಟ್ಟೆಯವರೆಲ್ಲ ಇವರತ್ತ ತಿರುಗಿದರು. ಆಮೇಲೆ ಹಿರಿಯ ಅಂಬಿಗನೊಬ್ಬ ಹೊಟ್ಟೆ ಹಿಡಿದುಕೊಂಡು ನಕ್ಕ. "ಅದಕ್ಕೇ ಇವನ ಬಾಯಲ್ಲಿ ಅಕ್ಕ ಅನ್ನೋ ಮಾತೇ ಹೊರಡ್ಲಿಲ್ಲ! ಹೋಗ್ಲಿ ಬಿಡಮ್ಮ, ಸ್ಲೋ ಹೋಗೋಕೆ ಆಗೋ ಪ್ಲಗ್ ಒಂದು ಹುಡುಕಿಕೊಡು ಪಾಪ."

ಅವಳು ತಲೆಯೆತ್ತಿಕೊಂಡೇ ದೋಣಿಯಿಂದಿಳಿದಳು.

"ಪ್ಲಗ್ ಬದಲಾಗೋಲ್ಲ ದೊಡ್ಡಪ್ಪ. ನಾನು ಕೊಟ್ಟಿರೋದು ಸರಿಯಾಗಿದೆ." ಬಳಿಕ ಅವನತ್ತ ತಿರುಗಿ, ಎಲ್ಲರಿಗೂ ಕೇಳುವಂತೆಯೇ ಹೇಳಿದಳು: "ನಾಳೆಯಿಂದ ನನ್ನ ಕಿಟಕಿ ಮುಂದೆ ಸ್ಲೋ ಮಾಡ್ಬೇಡಿ. ದೋಣಿ ಕಟ್ಟಿ, ಎಂಜಿನ್ ಆಫ್ ಮಾಡಿ, ಒಳಗೇ ಬನ್ನಿ."