ಬಾಣದ ಗುರುತಿಲ್ಲದ ಮಂಜುಗಡ್ಡೆ

"ಪರದೆ ಎಳೆದು ಒಳಗೆ ಬನ್ನಿ ಟೀಚರಮ್ಮ. ನಿಮ್ಮ ಹಿಂದೆ ಇಡೀ ಅಂಟಾರ್ಕ್ಟಿಕಾನೇ ಒಳಗೆ ಬರ್ತಾ ಇದೆ."

ಕೊರೆಯುವ ಯಂತ್ರದ ಮೇಲೆ ಬಾಗಿದ್ದವನು ತಲೆ ಎತ್ತದೆಯೇ ಹೀಗೆಂದ. ಅಷ್ಟು ಚಳಿಯಲ್ಲೂ ನೆವೆಂಕಾಳಿಗೆ ಮೈ ಉರಿಯಿತು.

"ಚಿಲಿಯ ದಕ್ಷಿಣ ತುದಿಯ ಪುಂತಾ ಅರೇನಾಸ್‌ನವಳು ನಾನು. ಗಾಳಿಗೆ ಬಾಗಿಲು ಹಾಕೋದನ್ನ ನನಗೆ ಕಲಿಸಬೇಡಿ," ಎಂದು ಡೇರೆಯ ಪರದೆಯನ್ನು ಬಿಗಿದು ಕಟ್ಟಿದಳು.

ಆಗ ಅವನು ತಲೆ ಎತ್ತಿದ. ಕೈಯಲ್ಲಿದ್ದ ಮಂಜುಗಡ್ಡೆಯನ್ನು ಕೆಳಗಿಡಲೂ ಮರೆತು ನೋಡುತ್ತಲೇ ನಿಂತ.

ಅವನು ಲಿಸಾಂದ್ರೊ ಬಾರ್ರಿಯಾ. ಆಳದ ಮಂಜುಗಡ್ಡೆಯಲ್ಲಿ ಸೆರೆಯಾದ ಹಳೆಯ ಗಾಳಿಯನ್ನು ಅಭ್ಯಸಿಸುವ ವಿಜ್ಞಾನಿ. ಅವಳು ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಒಂದು ಬೇಸಿಗೆ ಸಂಶೋಧಕರೊಡನೆ ಇದ್ದು, ಕಂಡದ್ದನ್ನು ತನ್ನ ತರಗತಿಯ ಮಕ್ಕಳಿಗೆ ಫೋನಿನಲ್ಲಿ ತೋರಿಸಲು ಬಂದಿದ್ದಳು.

ಬರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ತಾಯಿ ತೀರಿಕೊಂಡಂದಿನಿಂದ ಅವಳಿಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಇಗರ್ಜಿಯಲ್ಲಿ ಮೊಣಕಾಲೂರಿದರೂ ಪ್ರಾರ್ಥನೆ ಅರ್ಧಕ್ಕೇ ನಿಂತುಬಿಡುತ್ತಿತ್ತು. 'ಎಲ್ಲಿಗಾದರೂ ಕರೆದುಕೊಂಡು ಹೋಗು ದೇವರೇ' ಎಂದಿದ್ದಳು. ದೇವರು ಇಷ್ಟು ದೂರ ಕರೆತಂದಿದ್ದ.

ಮಾಟೆ ಎಂಬ ಕಹಿ ಚಹಾ ಕುಡಿಯುವ ತಾಯಿಯ ಸೋರೆಬುರುಡೆಯನ್ನು ಜೊತೆಗೆ ತಂದಿದ್ದಳು. ಕೆಲಸ ಮುಗಿದ ಮೇಲೆ ಆ ಪುಟ್ಟ ಸೋರೆಬುರುಡೆಯಲ್ಲಿ ಮಾಟೆ ಸೊಪ್ಪಿಗೆ ಬಿಸಿನೀರು ಹೊಯ್ದು ಕೊಡುವಳು. ಎಲ್ಲರೂ ಸರದಿಯಂತೆ ಒಂದೇ ಕೊಳವೆಯಲ್ಲಿ ಹೀರುವರು. ಸಾಕೆನಿಸಿದವರು ಬುರುಡೆ ಹಿಂದಿರುಗಿಸುತ್ತ 'ಧನ್ಯವಾದ' ಎನ್ನಬೇಕು. ಹಾಗೆಂದವರಿಗೆ ಮತ್ತೆ ಹೊಯ್ಯುವುದಿಲ್ಲ. ಒಬ್ಬೊಬ್ಬರೇ ಧನ್ಯವಾದ ಹೇಳಿ ಎದ್ದು ಹೋಗುತ್ತಿದ್ದರು. ಲಿಸಾಂದ್ರೊ ಮಾತ್ರ ಕೆಟಲ್ ಬರಿದಾಗುವ ತನಕ ಹೇಳುತ್ತಿರಲಿಲ್ಲ.

ಅವಳೂ ಕೆಟಲನ್ನು ಅಂಚಿನವರೆಗೆ ತುಂಬಿಸತೊಡಗಿದ್ದಳು...

ಹಳೆಯ ಮಂಜುಗಡ್ಡೆ ನೀರಿನಲ್ಲಿ ಕರಗುವಾಗ ಒಳಗಿನ ಗಾಳಿ ಚಟಪಟ ಸಿಡಿಯುತ್ತದೆ. ಆ ಸದ್ದು ಕೇಳಿಸುವೆನೆಂದು ಅವಳು ಮಕ್ಕಳಿಗೆ ಮಾತು ಕೊಟ್ಟಿದ್ದಳು. ಡೇರೆಯಲ್ಲಿ ಒಂದು ನಿಯಮವಿತ್ತು: ಉಳಿಸಬೇಕಾದ ಪ್ರತಿ ಗಡ್ಡೆಗೂ ಯಾವುದು ಮೇಲುಭಾಗವೆಂದು ತಿಳಿಯಲು ಬಾಣ ಬರೆಯಬೇಕು. ಬಾಣವಿಲ್ಲದ್ದು ಕಸ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಮೂಲೆಯ ಹಲಗೆಯ ಮೇಲಿದ್ದ, ಬಾಣವಿಲ್ಲದ ಒಂದು ಗಡ್ಡೆಯನ್ನು ತಿರುಗಿಸಿ ತಿರುಗಿಸಿ ನೋಡಿಯೇ ಅವಳು ತೆಗೆದುಕೊಂಡಳು.

ಪಾತ್ರೆಯ ನೀರಿನಲ್ಲಿ ಗಡ್ಡೆ ಸಿಡಿಯತೊಡಗಿತು. ಫೋನಿನಾಚೆ ಇಡೀ ತರಗತಿ ಉಸಿರು ಬಿಗಿಹಿಡಿದು ಕೇಳುತ್ತಿತ್ತು.

"ಟೀಚರ್, ಈ ಗಾಳಿ ನಮ್ಮಜ್ಜಿಗಿಂತ ಹಳೇದಾ?" ಎಂದು ಪುಟ್ಟ ಯಾಗೊಡಾ ಕೇಳಿದಳು.

ಅಷ್ಟರಲ್ಲಿ ಲಿಸಾಂದ್ರೊ ಒಳಬಂದ. ಹಲಗೆಯನ್ನು ನೋಡಿದ, ಪಾತ್ರೆಯನ್ನು ನೋಡಿದ. ಮುಖ ಬಿಳಿಚಿಕೊಂಡಿತು.

"ಅದು ಬೇಕಾದ ಗಡ್ಡೆ. ಅದನ್ನ ಯಾಕೆ ಮುಟ್ಟಿದ್ರಿ?"

"ಬಾಣ ಇರಲಿಲ್ಲ."

"ನಾನು ಬಾಣ ಹಾಕದೆ ಯಾವುದನ್ನೂ ಇಡಲ್ಲ. ತಪ್ಪು ಮಾಡಿದ್ರೆ ಒಪ್ಕೊಳ್ಳಿ. ಮಕ್ಕಳ ಮುಂದೆ ಸುಳ್ಳು ಹೇಳ್ಬೇಡಿ."

ಆ ಮಾತು ಫೋನಿನಾಚೆಗೂ ಕೇಳಿಸಿತು. ಗಡ್ಡೆ ಕರಗಿಹೋಗಿತ್ತು, ಅವಳ ಪರವಾಗಿ ಹೇಳಲು ಏನೂ ಉಳಿದಿರಲಿಲ್ಲ.

ಅಂದು ಎಲ್ಲರ ಎದುರು ಬುರುಡೆ ಸುತ್ತು ಬಂದಾಗ ಅವನು ಒಂದೇ ಸಲ ಹೀರಿ, "ಧನ್ಯವಾದ," ಎಂದು ಎದ್ದು ಹೋದ.

ಊರಿಗೆ ಮರಳಿದ ಮೇಲೂ ಅವಳಿಗೆ ನೆಮ್ಮದಿಯಿರಲಿಲ್ಲ. ಕಡಲಂಚಿನಲ್ಲಿ ಗಾಳಿಗೆದುರಾಗಿ ನಡೆಯುವಳು, ತಿರುಗಿ ಬರುವಳು, ಮತ್ತೆ ಹೊರಡುವಳು. ಕರಿಹಲಗೆಯ ಮೇಲೆ ಬರೆಯುವಾಗ ಬೆನ್ನ ಹಿಂದೆ ಮಕ್ಕಳು ಪಿಸುಗುಟ್ಟಿದರೆ ಸೀಮೆಸುಣ್ಣ ನಿಂತುಬಿಡುವುದು. 'ಇವರೂ ನನ್ನನ್ನು ಸುಳ್ಳಿ ಅಂದುಕೊಂಡಿದ್ದಾರೆಯೆ?' ಮುಂದಿನ ಬೇಸಿಗೆಗೂ ಬರಬೇಕೆಂದು ತಂಡ ಕರೆದಿತ್ತು. ಒಲ್ಲೆನೆಂದು ಹೇಳಲು ನಿಶ್ಚಯಿಸಿದ್ದಳು. ತಾಯಿಯ ಸೋರೆಬುರುಡೆ ಶಾಲೆಯ ಕಪಾಟಿನಲ್ಲಿ ಒಣಗುತ್ತಿತ್ತು.

ಒಂದು ಮಧ್ಯಾಹ್ನ ತರಗತಿಯ ಬಾಗಿಲು ತಟ್ಟಿ ಲಿಸಾಂದ್ರೊ ಒಳಬಂದ. ಬಗಲಲ್ಲಿ ತಂಪು ಪೆಟ್ಟಿಗೆಯಿತ್ತು. ಅವಳ ಕಡೆ ನೋಡಲು ಧೈರ್ಯವಾಗದೆ ಮಕ್ಕಳ ಕಡೆಗೇ ತಿರುಗಿದ.

"ಅವತ್ತು ನಿಮ್ಮ ಟೀಚರ್ ಸುಳ್ಳು ಹೇಳಲಿಲ್ಲ. ನಾನು ಹೇಳಿದ್ದು ಸುಳ್ಳು."

ಪೆಟ್ಟಿಗೆಯಿಂದ ಒಂದು ಮಂಜುಗಡ್ಡೆ ತೆಗೆದು, ಸುತ್ತಲೂ ತಿರುಗಿಸಿ ತೋರಿಸಿದ. ಕರಗಿದ ಗಡ್ಡೆಯನ್ನು ಕೊರೆದ ದಿನವೇ, ಅದರ ಕೆಳಗಿನಿಂದ ತೆಗೆದದ್ದು ಅದು. ತನ್ನ ಊರಿನ ಶೀತಲ ಕೋಣೆಯಲ್ಲಿ ಎಲ್ಲವನ್ನೂ ಜೋಡಿಸುವಾಗ ಕೈಗೆ ಬಂದಿತ್ತು. ಅದರ ಮೇಲೂ ಬಾಣವಿರಲಿಲ್ಲ.

"ಎರಡಕ್ಕೂ ನಾನೇ ಮರೆತಿದ್ದೆ," ಎಂದ.

"ಯಾಕೆ ಮರೆತ್ರಿ?" ಯಾಗೊಡಾ ಬಿಡಲಿಲ್ಲ.

ಅವನು ಗಡ್ಡೆಯನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟ.

"ಆಗ ತಾನೆ ಯಾರೋ ಮೊದಲ ಸಲ ಪರದೆ ಸರಿಸಿ ಒಳಗೆ ಬಂದ್ರು. ನೋಡ್ತಾ ನಿಂತುಬಿಟ್ಟೆ."

ಮರುಕ್ಷಣ ಹಿಂದಿನ ಬೆಂಚಿನಿಂದ ಎದ್ದ ಗದ್ದಲ ಪಕ್ಕದ ತರಗತಿಗೂ ಕೇಳಿಸಿತು. ನೆವೆಂಕಾ ಹಲಗೆಯ ಕಡೆ ತಿರುಗಿ, ಏನೂ ಬರೆದಿರದ ಜಾಗವನ್ನೇ ಒರೆಸಿದಳು.

ಶಾಲೆ ಬಿಟ್ಟ ಮೇಲೆ ಶಿಕ್ಷಕರ ಕೋಣೆಯಲ್ಲಿ ಅವಳು ಕೆಟಲ್ ಇಟ್ಟಳು. ಕಪಾಟಿನಿಂದ ತಾಯಿಯ ಸೋರೆಬುರುಡೆ ಹೊರಬಂತು. ಅವನು ಸಂಜೆಯ ವಿಮಾನಕ್ಕೆ ಹೊರಡಬೇಕಾಗಿತ್ತು.

"ಮುಂದಿನ ಬೇಸಿಗೆಗೆ ಬರ್ತೀಯಾ, ನೆವೆಂಕಾ?" ಟೀಚರಮ್ಮ ಎನ್ನದೆ ಮೊದಲ ಸಲ ಹೆಸರು ಹಿಡಿದು ಕೇಳಿದ.

"ಬರ್ತೀನಿ. ಆದ್ರೆ ನಾನು ಪರದೆ ಎಳೆಯೋವಾಗ ನೀನು ಬಾಣ ಬರೀತಾ ಇರಬೇಕು."

"ಅದೊಂದು ಮಾತು ಕೊಡಲಾರೆ."

ಅವನು ಹೀರಿ ಬುರುಡೆಯನ್ನು ಹಿಂದಿರುಗಿಸಿದ. ಅವಳು ಕಾದಳು... ಅವನು ಧನ್ಯವಾದ ಹೇಳಲಿಲ್ಲ. ಅವಳು ಮತ್ತೆ ಹೊಯ್ದಳು. ಮತ್ತೆ ಹಿಂದಿರುಗಿಸಿದ, ಆಗಲೂ ಹೇಳಲಿಲ್ಲ.

"ವಿಮಾನ ತಪ್ಪುತ್ತೆ," ಎಂದಳು ಮೆಲ್ಲಗೆ.

"ಕೆಟಲ್‌ನಲ್ಲಿ ಇನ್ನೂ ನೀರಿದೆಯಲ್ಲ," ಎಂದ.