ಕೊರಳಲ್ಲಿಲ್ಲದ ಲಿಂಗ

"ಆ ಹೆಸರನ್ನ ಈ ಗೇಟಿನ ಮುಂದೆ ಇನ್ನೊಂದ್ಸಲ ಎತ್ತಬೇಡಿ!"

ಬಸವನಗುಡಿಯ ಆ ಹಳೇ ಮನೆಯ ಕಬ್ಬಿಣದ ಗೇಟು ಚೈತನ್ಯಾಳ ಮುಖದ ಮುಂದೆಯೇ ಧಡ್ ಅಂತ ಮುಚ್ಚಿಕೊಂಡಿತು. ಚಿಲಕ ಬಿದ್ದ ಸದ್ದು ಎದೆಗೇ ಬಿದ್ದ ಹಾಗಾಯಿತು.

ಬೇರೆ ಹುಡುಗಿಯಾಗಿದ್ದರೆ ಕಣ್ಣೊರೆಸಿಕೊಂಡು ಬಸ್ ಸ್ಟಾಪಿನ ಕಡೆ ನಡೆಯುತ್ತಿದ್ದಳೇನೋ. ಇವಳು ಗೇಟಿನ ಸರಳು ಹಿಡಿದು ನಿಂತಳು.

"ಎತ್ತುತೀನಿ! ಪಂಚಾಕ್ಷರಯ್ಯ! ಯುದ್ಧದಲ್ಲಿ ವಿಮಾನ ಹಾರಿಸಿದ ಪಂಚಾಕ್ಷರಯ್ಯ! ನಮ್ಮ ತಾತ! ಏನೀಗ?"

ಒಳಗೆ ಹೊರಟಿದ್ದ ಯುವಕ ತಿರುಗಿದ. ಅವನ ಹೆಸರು ಆತ್ರೇಯ ಅಂತ ಅವಳಿಗೆ ಆಮೇಲೆ ತಿಳಿಯಿತು. ಆಗ ಕಂಡಿದ್ದು ಸಿಟ್ಟಿನಲ್ಲಿ ಕೆಂಪಾದ ಎರಡು ಕಣ್ಣು ಮಾತ್ರ.

"ಏನೀಗಾ? ಉರೀತಿದ್ದ ವಿಮಾನದಲ್ಲಿ ನಮ್ಮ ತಾತನ್ನ ಬಿಟ್ಟು ನಿಮ್ಮ ತಾತ ಹಾರಿಕೊಂಡ್ರು. ಇಷ್ಟೇ!"

"ನೀವು ನೋಡಿದ್ರಾ?"

"ಒಬ್ಬರು ಕೈಕಾಲು ನೆಟ್ಟಗೆ ಇಟ್ಕೊಂಡು ಊರಿಗೆ ಬಂದ್ರು. ಇನ್ನೊಬ್ಬರ ವಾಚು, ಉಂಗುರ ಮಾತ್ರ ಬಂತು. ಇನ್ನೇನ್ರೀ ನೋಡೋದು?"

ಚೈತನ್ಯಾ ಚೀಲದಿಂದ ಒಂದು ಫ್ರೇಮು ತೆಗೆದಳು. ಸರಳುಗಳ ಸಂದಿಯಲ್ಲಿ ಒಳಗೆ ತೂರಿಸಿ ಕೈಬಿಟ್ಟಳು. ಗಾಜು ಚಟ್ ಅಂತ ಒಡೆಯಿತು.

"ಇದರಲ್ಲಿ ಇಬ್ಬರೂ ಇದಾರೆ. ಓಡಿಹೋಗೋನ ಮುಖ ಯಾವುದು ಅಂತ ಹುಡುಕಿ ಇಟ್ಟಿರಿ. ಮತ್ತೆ ಬರ್ತೀನಿ!"

ಅದು ಎರಡು ಸಾವಿರದ ಒಂದನೇ ಇಸವಿಯ ಶ್ರಾವಣ.

* * *

ಚೈತನ್ಯಾಳದು ಚಾಮರಾಜಪೇಟೆ. ತಂದೆ ಚಿಕ್ಕಂದಿನಲ್ಲೇ ಹೋದರು. ಬೆಳೆಸಿದ್ದು ತಾತ ಪಂಚಾಕ್ಷರಯ್ಯ. ಅದೂ ಮನೆಯ ಒಳಗಲ್ಲ, ಜಗಲಿಯ ಮೇಲೆ!

ಹೌದು, ಆ ಮನುಷ್ಯನ ಊಟ, ನಿದ್ದೆ, ಮುಪ್ಪು ಎಲ್ಲಾ ಜಗಲಿ ಪಕ್ಕದ ಕೋಣೆಯಲ್ಲೇ. ಬರ್ಮಾ ಕಡೆಯ ಯುದ್ಧದಿಂದ ವಾಪಸ್ ಬಂದಾಗ ಅವರ ಕೊರಳಲ್ಲಿ ಇಷ್ಟಲಿಂಗ ಇರಲಿಲ್ಲ. ಹುಟ್ಟಿದಾಗ ಕಟ್ಟಿದ ಲಿಂಗ, ಮಣ್ಣಿಗೆ ಹೋಗುವಾಗಲೂ ಜೊತೆಗೇ ಹೋಗಬೇಕಾದ ಲಿಂಗ... ಅದನ್ನೇ ಕಳೆದುಕೊಂಡು ಬಂದವನು ಎಂಥವನು?

"ಓಡೋವಾಗ ಬಿದ್ದುಹೋಗಿರುತ್ತೆ," ಅಂದರು ಕೆಲವರು. "ಹೆಂಡಕ್ಕೆ ಮಾರ್ಕೊಂಡಿರ್ತಾನೆ," ಅಂದರು ಉಳಿದವರು. ಮಠಕ್ಕೆ ಹೋಗಿ ಹೊಸ ಲಿಂಗ ಕಟ್ಟಿಸಿಕೋ ಅಂತ ಹಿರಿಯರು ಹೇಳಿದರೆ, ತಾತನದು ಸಾಯುವವರೆಗೂ ಒಂದೇ ಮಾತು.

"ನನ್ನ ಲಿಂಗ ಇರಬೇಕಾದ ಕಡೆ ಇದೆ."

ಅಷ್ಟೇ! ಎಲ್ಲಿದೆ, ಯಾರ ಹತ್ತಿರ ಇದೆ... ಒಂದು ಮಾತಿಲ್ಲ. ಕೇಳಿದವರಿಗೆ ಅದು ಕೊಬ್ಬಿನ ಹಾಗೆ ಕಂಡಿತು. ಆದರೆ ಆಕಾಶದಲ್ಲಿ ವಿಮಾನದ ಸದ್ದಾದಾಗ ತಾತನ ಕೈ ಎದೆಯ ಮೇಲೆ ಹೋಗಿ, ಏನೂ ಸಿಗದೆ ಸುಮ್ಮನೆ ಕೆಳಗೆ ಇಳಿಯುವುದನ್ನು ಮೊಮ್ಮಗಳು ಎಷ್ಟು ಸಲ ನೋಡಿದ್ದಳೋ!

ತಾತ ತೀರಿಕೊಂಡ ಮೇಲೂ ಶಿಕ್ಷೆ ಮುಗಿಯಲಿಲ್ಲ. ತರಗುಪೇಟೆಯಲ್ಲಿ ಮನೆತನದ ಬೇಳೆ ಮಂಡಿ ಇತ್ತು. ಗೋಡೆಯ ಮೇಲೆ ಸಾಲಾಗಿ ಹಿರಿಯರ ಫೋಟೋ. ಕೆಳಗೆ ಪೇರಿಸಿದ ಮೂಟೆಗಳ ಮೇಲೆಲ್ಲ ಮನೆತನದ ಗುರುತು, ಅರ್ಧಚಂದ್ರ ಮತ್ತು ಅದರ ಕೆಳಗೆ ಎರಡು ಚುಕ್ಕೆ. ಆ ಸಾಲಿನಲ್ಲಿ ತಾತನಿಗೆ ಮಾತ್ರ ಜಾಗವಿರಲಿಲ್ಲ.

"ಲಿಂಗ ಕಳ್ಕೊಂಡವನ ಫೋಟೋ ಈ ಗೋಡೆಗೆ ಬೇಡ," ಅಂದಿದ್ದರು ಮಂಡಿ ನಡೆಸುತ್ತಿದ್ದ ದೊಡ್ಡಪ್ಪ ಮಲ್ಲಿಕಾರ್ಜುನಯ್ಯ, ತಾತನ ಅಣ್ಣನ ಮಗ.

"ಬರೋ ಶಿವರಾತ್ರಿಗೆ ತಾತ ಇಲ್ಲಿರ್ತಾರೆ ದೊಡ್ಡಪ್ಪಾ. ಗೋಡೆ ಖಾಲಿ ಇಟ್ಟಿರಿ!"

ಹಾಗೆ ಸವಾಲು ಹಾಕಿ ಹುಡುಕೋಕೆ ಹೊರಟವಳಿಗೆ ಸಿಕ್ಕಿದ್ದು ಆ ಒಂದು ಫೋಟೋ. ಇಬ್ಬರೇ ಕೂರುವ ವಿಮಾನ. ಹಾರಿಸುವವರು ತಾತ, ಹಿಂದಿನ ಸೀಟಿನಲ್ಲಿ ಬಸವನಗುಡಿಯ ಶೀನಣ್ಣ. ಶೀನಣ್ಣ ವಾಪಸ್ ಬರಲೇ ಇಲ್ಲ. ಅವರ ಮನೆ ಹುಡುಕಿಕೊಂಡು ಹೋದರೆ... ಗೇಟು!

* * *

ಮೂರ್ನಾಲ್ಕು ದಿನ ಕಳೆದಿರಬೇಕು. ಅವಳು ಕೆಲಸ ಮಾಡುತ್ತಿದ್ದ ಪ್ರಿಂಟಿಂಗ್ ಪ್ರೆಸ್ಸಿನ ಬಾಗಿಲಲ್ಲಿ ಆತ್ರೇಯ ನಿಂತಿದ್ದ. ಕೈಯಲ್ಲಿ ಅದೇ ಫ್ರೇಮು, ಅದರ ಹಿಂದೆ ಅಂಟಿಸಿದ್ದ ಅವಳ ಪ್ರೆಸ್ಸಿನ ಚೀಟಿ.

"ಸಾರಿ ಕೇಳೋಕೆ ಬಂದ್ರಾ?" ಚೈತನ್ಯಾ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ.

"ಇಲ್ಲ. ಗಾಜು ಹಾಕಿಸ್ಕೊಂಡು ಬಂದೆ."

"ಓಡಿಹೋದ ಮುಖ ಸಿಕ್ತಾ?"

ಅವನು ಫ್ರೇಮನ್ನು ಅವಳ ಮೇಜಿನ ಮೇಲೆ ಇಟ್ಟ.

"ನಮ್ಮನೇಲಿ ತಾತನದು ಒಂದೇ ಫೋಟೋ ಇರೋದು. ಗಂಟು ಮುಖ. ಅವರು ಹೀಗೆ ಬಾಯ್ತುಂಬಾ ನಗ್ತಿದ್ರು ಅಂತಲೇ ನಂಗೆ ಗೊತ್ತಿರಲಿಲ್ಲ. ನಿಮ್ಮ ತಾತ ಹೆಗಲ ಮೇಲೆ ಕೈ ಹಾಕಿ ನಗಿಸ್ತಿದಾರೆ... ನಿಜ ಏನು ಅಂತ ನಂಗೂ ಬೇಕು."

ಅಯ್ಯೋ, ಈ ಮನುಷ್ಯನಿಗೆ ಬಯ್ಯೋಣ ಅಂದ್ರೆ ಬಿಡಲ್ವಲ್ಲ ಅಂದುಕೊಂಡಳು ಚೈತನ್ಯಾ.

ಆಮೇಲೆ ಇಬ್ಬರೂ ಸೇರಿ ಅಲೆದರು. ವಾಯುಪಡೆಯಿಂದ ನಿವೃತ್ತರಾದ ಮಲ್ಲೇಶ್ವರದ ಮುದುಕರೊಬ್ಬರು ದಿಲ್ಲಿಗೆ ಯಾರಿಗೆ ಬರೆಯಬೇಕು ಅಂತ ಹೇಳಿಕೊಟ್ಟರು. ಬರೆದರು. ಕಾದರು. ಬ್ಯಾಂಕಿನ ಕೆಲಸ ಮುಗಿಸಿಕೊಂಡು ಆತ್ರೇಯ ಬರುತ್ತಿದ್ದ. ಬೈ-ಟು ಕಾಫಿಯಲ್ಲಿ ಅವಳಿಗೇ ಒಂದು ಗುಟುಕು ಜಾಸ್ತಿ ಸುರಿಯುತ್ತಿದ್ದ.

"ನೀವು ಯಾವಾಗಲೂ ಹೀಗೆ ಜಗಳಕ್ಕೆ ರೆಡಿ ಇರ್ತೀರಾ?"

"ಯಾರಾದ್ರೂ ಗೇಟ್ ಹಾಕಿದ್ರೆ ಮಾತ್ರ."

ಅವನು ನಕ್ಕ. ಫೋಟೋದಲ್ಲಿದ್ದ ಶೀನಣ್ಣನದೇ ನಗು! ಅವಳು ನೋಡುತ್ತಲೇ ಉಳಿದಳು. ತಕ್ಷಣ ತನಗೆ ತಾನೇ ಗದರಿಕೊಂಡಳು... ಚೈತನ್ಯಾ, ಬಂದಿರೋ ಕೆಲಸ ನೋಡು!

* * *

ದಿಲ್ಲಿಯ ಉತ್ತರ ಬಂದಿದ್ದು ಸಂಕ್ರಾಂತಿ ಕಳೆದ ಮೇಲೆ. ಚಾಮರಾಜಪೇಟೆಯ ಹೋಟೆಲಿನಲ್ಲಿ ಕೂತು ಒಟ್ಟಿಗೆ ಬಿಡಿಸಿದರು.

ಗುಂಡು ತಗುಲಿ ವಿಮಾನ ಕಾಡಿನಲ್ಲಿ ಬಿತ್ತು. ಬಿದ್ದಾಗ ಇಬ್ಬರೂ ಒಳಗಿದ್ದರು.

"ನೋಡಿದ್ರಾ! ಹಾರ್ಕೊಂಡಿಲ್ಲ! ನಮ್ಮ ತಾತ ಹಾರ್ಕೊಂಡಿಲ್ಲ ಆತ್ರೇಯ!" ಅವಳು ಅವನ ಕೈ ಹಿಡಿದೇಬಿಟ್ಟಳು.

ಆದರೆ ಅವನ ಕಣ್ಣು ಕೆಳಗಿನ ಸಾಲಿನಲ್ಲಿತ್ತು. ಪೈಲಟ್ ಕೆಲವು ದಿನಗಳ ನಂತರ ಒಬ್ಬರೇ ನಡೆದು ಶಿಬಿರ ಸೇರಿದರು. ಇನ್ನೊಬ್ಬರ ದೇಹ ಕಾಡಿನಲ್ಲಿ ಬೇರೆ ತುಕಡಿಗೆ ಸಿಕ್ಕಿತು. ಅಷ್ಟೇ ಇದ್ದಿದ್ದು.

"ಒಬ್ಬರೇ..." ಆತ್ರೇಯನ ದನಿ ಬಿದ್ದುಹೋಗಿತ್ತು. "ನಮ್ಮ ತಾತನಿಗೆ ಇನ್ನೂ ಜೀವ ಇತ್ತೇನೋ. ಬಿಟ್ಟು ನಡೆದುಬಿಟ್ರಾ?"

ಚೈತನ್ಯಾ ಕೈ ಹಿಂದಕ್ಕೆ ಎಳೆದುಕೊಂಡಳು.

"ನೀವೂ ಅದನ್ನೇ ಅಂದ್ರಿ."

"ನಾನು ಕೇಳ್ತಿದೀನಿ ಅಷ್ಟೇ ಚೈತನ್ಯಾ..."

"ಆ ಗೇಟು ಬರೀ ಮನೆ ಮುಂದೆ ಇದೆ ಅಂದ್ಕೊಂಡಿದ್ದೆ. ನಿಮ್ಮ ಎದೇಲೂ ಒಂದು ಇದೆ!"

ಎದ್ದು ಹೊರಟೇಬಿಟ್ಟಳು. ಆಮೇಲೆ ಪ್ರೆಸ್ಸಿಗೆ ಅವನ ಫೋನು ಬಂದಾಗಲೆಲ್ಲ ಎತ್ತಿ, ದನಿ ಕೇಳಿ, ಇಟ್ಟುಬಿಟ್ಟಳು. ಇಟ್ಟ ಮೇಲೆ ಅಳು ಬರುತ್ತಿತ್ತು. ಅಳುವುದಕ್ಕೂ ಸಿಟ್ಟು ಬರುತ್ತಿತ್ತು!

ಶಿವರಾತ್ರಿ ಎದುರಿಗೇ ಇತ್ತು. ಮಂಡಿಯಲ್ಲಿ ದೊಡ್ಡಪ್ಪ ಹಮಾಲರೆಲ್ಲರ ಮುಂದೆ ಕೇಳಿದರು. "ಏನಮ್ಮಾ, ದಿಲ್ಲಿಯಿಂದ ನಿಮ್ಮ ತಾತನ ಲಿಂಗ ಬಂತಾ?"

ಎಲ್ಲರೂ ನಕ್ಕರು.

ಅವಳು ಅಲ್ಲಿಂದ ಸೀದಾ ಬಸವನಗುಡಿಗೆ ಹೋದಳು.

* * *

ಈ ಸಲ ಗೇಟು ತೆಗೆದಿದ್ದು ಆತ್ರೇಯನೇ. ಏನೋ ಹೇಳಲು ಹೋದ. ಅವಳು ಅವನನ್ನು ದಾಟಿ ನಡುಮನೆಗೇ ನಡೆದಳು. ಶೀನಣ್ಣನ ಹೆಂಡತಿ ಸುಂದರಮ್ಮ ಅಲ್ಲಿ ಹೂಬತ್ತಿ ಹೊಸೆಯುತ್ತಾ ಕೂತಿದ್ದರು. ಎಪ್ಪತ್ತೈದು ದಾಟಿದ ಜೀವ.

"ಅಜ್ಜೀ, ನಾನು ಪಂಚಾಕ್ಷರಯ್ಯನ ಮೊಮ್ಮಗಳು. ಕ್ಷಮೆ ಕೇಳೋಕೆ ಬಂದಿಲ್ಲ. ನಮ್ಮ ತಾತ ಹೇಡಿ ಅಂತ ನಿಮಗೆ ಅನ್ನಿಸಿದ್ರೆ ನನ್ನ ಮುಖ ನೋಡಿ ಹೇಳಿ. ಬೇರೆಯವರ ಬಾಯಲ್ಲಿ ಕೇಳಿ ಕೇಳಿ ಸಾಕಾಗಿದೆ!"

ಮುದುಕಿಯ ಬೆರಳು ನಿಂತವು.

"ಅವರು ಬಂದಿದ್ರಮ್ಮ," ಅಂದರು ಮೆಲ್ಲಗೆ.

"ಯಾರು?"

"ನಿಮ್ಮ ತಾತ. ಯುದ್ಧ ಮುಗಿದ ಮೇಲೆ. ನಮ್ಮ ಮಾವನವರು ಗೇಟ್ ತೆಗೀಲಿಲ್ಲ. ಬಾಯಿಗೆ ಬಂದ ಹಾಗೆ ಬೈದ್ರು. ನಾನು ಕಿಟಕಿ ಸಂದೀಲಿ ನೋಡ್ತಿದ್ದೆ, ಸೊಂಟದಲ್ಲಿ ಇವನ ಅಪ್ಪ, ಹಸುಗೂಸು. ಆ ಮನುಷ್ಯ ಒಂದೂ ಮಾತಾಡ್ಲಿಲ್ಲ. ಎದೆ ಮೇಲೆ ಕೈ ಇಟ್ಕೋತಿದ್ರು, ತೆಗೀತಿದ್ರು. ಆಮೇಲೆ ಹೋಗ್ಬಿಟ್ರು."

ಚೈತನ್ಯಾಗೆ ಜಗಲಿಯ ಮೇಲಿನ ತಾತ ಕಣ್ಣ ಮುಂದೆ ಬಂದರು. ಅದೇ ಕೈ... ಅದೇ ಖಾಲಿ ಎದೆ!

"ಏನು ತೋರಿಸ್ತಿದ್ರೋ ನಂಗೆ ಗೊತ್ತಾಗ್ಲಿಲ್ಲ. ಆವತ್ತಿಂದ ಅದೊಂದು ಕೊರಗು." ಸುಂದರಮ್ಮ ಎದ್ದು ಹೋಗಿ ಟ್ರಂಕಿನ ತಳದಿಂದ ಬಿಳೀ ಬಟ್ಟೆಯ ಗಂಟೊಂದನ್ನು ತಂದರು. "ಯಜಮಾನರ ಸಾಮಾನಿನ ಜೊತೆ ಇದೂ ಬಂತು. ಕೊರಳಲ್ಲಿತ್ತಂತೆ. ಮಾವನವರು ಎಸೆದುಬಿಡ್ತಾರೆ ಅಂತ ಬಚ್ಚಿಟ್ಟೆ. ಯಾರಿಗೂ ತೋರಿಸಿಲ್ಲ, ಇವನಿಗೂ. ಒಳಗೆ ಅವರು ಬಿದ್ದ ಜಾಗದ ಮಣ್ಣಿದೆ ಅಂದ್ಕೊಂಡು... ದಿನಾ ಎರಡು ಹೂವು ಇಡ್ತೀನಿ."

ಗಂಟು ಬಿಚ್ಚಿತು.

ಒಂದು ಕಡೆ ನೆಗ್ಗಿಹೋದ, ಕಪ್ಪಾದ ಬೆಳ್ಳಿಯ ಕರಡಿಗೆ!

ಚೈತನ್ಯಾ ಮುಚ್ಚಳ ತೆಗೆದಳು. ಒಳಗಿದ್ದ ಕರೀ ಉಂಡೆ ಮಣ್ಣಲ್ಲ. ಕಂತಿಯ ಕಪ್ಪು ಲೇಪ ಮೆತ್ತಿದ ಇಷ್ಟಲಿಂಗ. ಮುಚ್ಚಳದ ಒಳಮೈಯಲ್ಲಿ ಅಕ್ಕಸಾಲಿ ಕೊರೆದ ಗುರುತು. ಅರ್ಧಚಂದ್ರ... ಕೆಳಗೆ ಎರಡು ಚುಕ್ಕೆ.

"ತಾತಾ..."

ಅವಳು ನೆಲಕ್ಕೆ ಕೂತುಬಿಟ್ಟಳು. ಆತ್ರೇಯ ಓಡಿ ಬಂದು ಪಕ್ಕದಲ್ಲಿ ಮಂಡಿಯೂರಿದ.

"ಏನಿದು ಚೈತನ್ಯಾ?"

"ನಮ್ಮ ತಾತನ ಲಿಂಗ. ನಮ್ಮ ಮನೆ ಗಂಡಸರ ಕರಡಿಗೆ ಎಲ್ಲದರಲ್ಲೂ ಈ ಗುರುತಿರುತ್ತೆ. ನಮ್ಮಲ್ಲಿ ಲಿಂಗ ಅಂದ್ರೆ ಪ್ರಾಣ ಆತ್ರೇಯ. ಅದು ತಾನಾಗೇ ಇನ್ನೊಬ್ಬರ ಕೊರಳಿಗೆ ಹೋಗಲ್ಲ. ಪಕ್ಕದಲ್ಲಿ ಕೂತು, ತನ್ನ ಕೈಯಾರೆ ಬಿಚ್ಚಿ, ಕೈಯಾರೆ ಕಟ್ಟಬೇಕು." ಅವಳ ಕೆನ್ನೆ ಒದ್ದೆಯಾಗಿತ್ತು, ದನಿ ಮಾತ್ರ ಬಗ್ಗಿರಲಿಲ್ಲ. "ಬಿಟ್ಟು ಓಡೋನು ಪ್ರಾಣ ಕಟ್ಟಿ ಹೋಗ್ತಾನಾ? ಹೇಳಿ!"

ಸುಂದರಮ್ಮ ಕರಡಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು.

"ಹಾಗಾದ್ರೆ... ಇವರು ಒಬ್ಬರೇ ಸಾಯ್ಲಿಲ್ಲ."

ಐವತ್ತೆಂಟು ವರ್ಷ ಹಿಡಿದಿಟ್ಟ ಅಳು ಆಗ ಹೊರಗೆ ಬಂತು.

* * *

ಶಿವರಾತ್ರಿಯ ಬೆಳಗ್ಗೆ ಮಂಡಿಯಲ್ಲಿ ಜನ ಸೇರಿತ್ತು. ಚೈತನ್ಯಾ ಕರಡಿಗೆಯ ಮುಚ್ಚಳ ತೆಗೆದು ದೊಡ್ಡಪ್ಪನ ಮುಂದೆ ಹಿಡಿದಳು. ಮಲ್ಲಿಕಾರ್ಜುನಯ್ಯ ಗುರುತು ನೋಡಿದರು. ಪಕ್ಕದ ಮೂಟೆ ನೋಡಿದರು. ಅವಳು ಎಲ್ಲವನ್ನೂ ಹೇಳಿದಳು.

"ಆದ್ರೂ... ಲಿಂಗಧಾರಣೆ ಇಲ್ಲದ ಪರಕುಲದವನ ಕೊರಳಿಗೆ ನಮ್ಮ ಲಿಂಗ ಕಟ್ಟೋದಾ? ಅದು ತಪ್ಪಲ್ವೇನಮ್ಮಾ?"

"ಸಾಯ್ತಿರೋ ಗೆಳೆಯನ್ನ ಒಂಟಿ ಮಾಡ್ಬಾರ್ದು ಅಂತ ಕಟ್ಟಿದ್ದು ತಪ್ಪು. ಇಡೀ ಜನ್ಮ ಜಗಲಿ ಮೇಲೆ ಅನ್ನ ಹಾಕಿದ್ದು ಸರಿ. ಹೌದಾ ದೊಡ್ಡಪ್ಪಾ?"

ಉತ್ತರಕ್ಕೆ ಅವಳು ಕಾಯಲಿಲ್ಲ. ಸ್ಟೂಲು ಎಳೆದು ಗೋಡೆಗೆ ಹಾಕಿದಳು. ಸುತ್ತಿಗೆ ಇಲ್ಲದಿದ್ದರೆ ಏನಂತೆ, ತಕ್ಕಡಿಯ ಕಬ್ಬಿಣದ ತೂಕದ ಕಲ್ಲು ಎತ್ತಿಕೊಂಡಳು. ಸ್ಟೂಲು ಅಲ್ಲಾಡಿತು. ಯಾರೋ ಕೆಳಗೆ ಗಟ್ಟಿಯಾಗಿ ಹಿಡಿದರು.

ನೋಡಿದರೆ ಆತ್ರೇಯ!

ಢಣ್! ಢಣ್! ಇಡೀ ಮಂಡಿಗೆ ಕೇಳುವ ಹಾಗೆ ಮೊಳೆ ಹೊಡೆದಳು. ಹೊಸ ಗಾಜಿನ ಫ್ರೇಮು ಹಿರಿಯರ ಸಾಲಿಗೆ ಸೇರಿತು. ಪಂಚಾಕ್ಷರಯ್ಯನವರ ಜೊತೆ, ಅವರ ತೋಳಿನಡಿಯಲ್ಲಿ ಬಾಯ್ತುಂಬಾ ನಗುತ್ತಾ, ಶೀನಣ್ಣನೂ!

ಮಲ್ಲಿಕಾರ್ಜುನಯ್ಯ ಬಹಳ ಹೊತ್ತು ಫೋಟೋ ನೋಡಿದರು. ಆಮೇಲೆ ಫೋಟೋಗೆ ಹಚ್ಚಲು ವಿಭೂತಿ ಗಟ್ಟಿಯನ್ನು ಅವಳ ಕಡೆ ನೀಡಿದರು.

* * *

ಸಂಜೆ ಬಸವನಗುಡಿಯಲ್ಲಿ ಚೈತನ್ಯಾ ಕರಡಿಗೆಯನ್ನು ಸುಂದರಮ್ಮನ ಮಡಿಲಿಗೇ ವಾಪಸ್ ಹಾಕಿದಳು.

"ಇದು ನಿಮ್ಮನೇದಮ್ಮ, ತಗೊಂಡು ಹೋಗು," ಅಂದರು ಅಜ್ಜಿ.

"ಇಲ್ಲ ಅಜ್ಜಿ. ಇರಬೇಕಾದ ಕಡೆ ಇದೆ ಅಂತ ತಾತ ಹೇಳಿದಾರೆ. ದಿನಾ ಎರಡು ಹೂವು ಇಡ್ತಿರಿ."

ಹೊರಗೆ ಬಂದಾಗ ಆತ್ರೇಯ ಗೇಟಿನ ಹತ್ತಿರ ನಿಂತಿದ್ದ. ಕೈಯೆಲ್ಲಾ ತುಕ್ಕು. ಗೇಟಿನಲ್ಲಿ ಚಿಲಕವೇ ಇರಲಿಲ್ಲ!

"ಏನ್ರೀ ಇದು?"

"ಕಿತ್ತು ಹಾಕ್ದೆ." ಅವನು ತಲೆ ತಗ್ಗಿಸಿದ. "ಆವತ್ತು ಹೋಟೆಲಲ್ಲಿ ನಿಮ್ಮನ್ನ ನಂಬಬೇಕಿತ್ತು. ನಂಬಲಿಲ್ಲ. ನೀವು ಫೋನ್ ಇಟ್ಟಾಗಲೆಲ್ಲ... ನಾನು ಈ ಗೇಟಿಂದ ಹೊರಗೆ ಬಿದ್ದವನ ಹಾಗೆ ಆಗೋಗಿದ್ದೆ. ನೀವಂದ್ರೆ ನಂಗಿಷ್ಟ ಚೈತನ್ಯಾ. ಜಗಳ ಆಡೋವಾಗ ಇನ್ನೂ ಇಷ್ಟ."

ಚೈತನ್ಯಾ ಅವನ ಕೈಯ ತುಕ್ಕನ್ನು ತನ್ನ ದುಪಟ್ಟಾದ ತುದಿಯಿಂದ ಒರೆಸಿದಳು.

"ನಮ್ಮನೇಲಿ ಒಪ್ಪಲ್ಲ ಆತ್ರೇಯ."

"ನಮ್ಮನೇಲಂತೂ ಅಜ್ಜಿ ಬಿಟ್ರೆ ಯಾರೂ ಒಪ್ಪಲ್ಲ."

"ಒಪ್ಪದೇ ಇದ್ರೆ?"

"ನೀವೇ ಹೇಳಿ."

ಅವಳು ಅವನ ಕಣ್ಣನ್ನೇ ನೋಡಿದಳು. ಮೊದಲ ಸಲ ಏಕವಚನ ಬಂತು.

"ನಂಗೆ ಮೊಳೆ ಹೊಡಿಯೋಕೆ ಬರುತ್ತೆ. ನಿಂಗೆ?"

ಆತ್ರೇಯ ಶೀನಣ್ಣನ ಹಾಗೆ ಬಾಯ್ತುಂಬಾ ನಕ್ಕ.

"ಸ್ಟೂಲ್ ಹಿಡ್ಕೊಳ್ಳೋಕೆ ಬರುತ್ತೆ. ಕೊನೇ ತನಕ."